ಕೂಸು ಹೇಳುವ ತನಕ

ನಮ್ಮೂರಿನಲ್ಲಿ ಕೂಸು ತಾನಾಗಿ ಬಾಯಿಬಿಟ್ಟು ಹೇಳುವ ತನಕ ಅದಕ್ಕೆ ಹೆಸರಿಡುತ್ತಿರಲಿಲ್ಲ. ಹೇಳುವುದೆಂದರೆ ಬೇರೇನಲ್ಲ. ‘ಕಕ್ಕ ಬಂದೈತಿ’ ಅಂತಲೋ ‘ಉಚ್ಚಿ ಬಂದೈತಿ’ ಅಂತಲೋ, ಯಾರೂ ಕೇಳದೆ, ಯಾರೂ ನೆನಪು ಮಾಡದೆ, ಚಡ್ಡಿ ಒದ್ದೆಯಾಗುವುದಕ್ಕೆ ಮೊದಲು ಅದು ಒಬ್ಬರಿಗೆ ಹೇಳಬೇಕು. ಯಾರಿಗೆ ಹೇಳುತ್ತದೋ ಅವರೇ ಹೆಸರಿಡಬೇಕು. ಅದೂ ಅಂದೇ, ಹೊತ್ತು ಮುಳುಗುವುದರೊಳಗೆ. ಹೆಸರಿಡದೆ ಹೊತ್ತು ಮುಳುಗಿದರೆ ಹೇಳಿದ್ದೂ ಹೇಳದಂತೆ. ಆ ಕೂಸು ಮುಂದಿನ ವರ್ಷದ ತನಕ ಕಾಯಬೇಕಾಗುತ್ತಿತ್ತು. ಅಲ್ಲಿಯವರೆಗೆ ಊರಿನ ಕೂಸುಗಳೆಲ್ಲ ಬರೀ ಕೂಸು. ಮೂಲೆಮನೆ ಕೂಸು, ಬಡಿಗೇರ ಕೂಸು, ಕಾಳಿನ ಅಂಗಡಿಯ ಕೂಸು.

ಹೀಗಾಗಿ ನಮ್ಮೂರಿನ ಜನ ಹೊರಗೆ ಹೊರಟಾಗ ಬಾಯಲ್ಲೊಂದು ಹೆಸರು ಇಟ್ಟುಕೊಂಡೇ ಹೊರಡುತ್ತಿದ್ದರು. ಯಾವ ಕೂಸು ಯಾರ ಧೋತರ ಹಿಡಿದು ಜಗ್ಗಿ ಹೇಳಿಬಿಡುತ್ತದೋ ಯಾರಿಗೆ ಗೊತ್ತು! ಒಮ್ಮೆ ಪರವೂರಿನಿಂದ ಬಳೆ ಮಾರಲು ಬಂದ ಹೆಂಗಸಿಗೆ ಬಡಿಗೇರ ಕೂಸು ಹೇಳಿಬಿಟ್ಟಿತು. ಪಾಪ, ಆಕೆ ಬಳೆಯ ಗೂಡೆ ಇಳಿಸಿ, ಜನರೆಲ್ಲ ಸುತ್ತುಗಟ್ಟಿದ್ದು ನೋಡಿ ಹೆದರಿ, ಕೊನೆಗೆ ತನ್ನ ಊರ ದೇವಿಯ ಹೆಸರನ್ನೇ ಇಟ್ಟಳು. ಅದು ಗಂಡು ಕೂಸು. ಹೊನ್ನಮ್ಮದೇವಿ ಅನ್ನುವ ಹೆಸರಿನ ಆ ಬಡಿಗೇರ ಹುಡುಗ ಮುಂದೆ ಊರಿನಲ್ಲೇ ಗಟ್ಟಿ ಆಳಾಗಿ ಬೆಳೆದ, ಯಾರೂ ನಗಲಿಲ್ಲ. ಇನ್ನು ಕೆಲವು ಸೋದರತ್ತೆಯರು, ಚಿಕ್ಕಪ್ಪಂದಿರು ತಾವು ಆರಿಸಿದ ಹೆಸರೇ ಬೀಳಲಿ ಅಂತ ಬೆಲ್ಲದ ಚೂರು ಹಿಡಿದು ಕೂಸಿನ ಹಿಂದೆ ಬೆಳಗಿನಿಂದ ಸುತ್ತುತ್ತಿದ್ದುದೂ ಉಂಟು. ಕೂಸು ಬೆಲ್ಲ ತಿಂದು, ಎಲ್ಲಾ ಮುಗಿಸಿ, ಆಮೇಲೆ ಹೇಳುತ್ತಿತ್ತು. ಅದು ಲೆಕ್ಕಕ್ಕಿಲ್ಲ.

ಈಗ ನಾನಿರುವ ಕಡೆ ಕೂಸು ಕಣ್ಣು ಬಿಡುವ ಮೊದಲೇ ಹೆಸರು ತಯಾರಾಗಿರುತ್ತದೆ. ಚಡ್ಡಿ ಕಟ್ಟಿಬಿಟ್ಟರೆ ದಿನವಿಡೀ ಯಾರೂ ಅದರ ಮುಖ ನೋಡಬೇಕಾಗಿಲ್ಲ. ಒಳ್ಳೆಯದೇ, ತಾಯಂದಿರಿಗೆ ನಿದ್ದೆಯಾದರೂ ಸಿಗುತ್ತದೆ. ಆದರೆ ನನ್ನ ಮೊಮ್ಮಗಳು ಆಡುತ್ತಾ ಆಡುತ್ತಾ ಒಮ್ಮೆಲೇ ಸುಮ್ಮನಾಗಿ, ಎತ್ತಲೋ ನೋಡುತ್ತಾ ನಿಂತಾಗ, ನನಗೆ ನಮ್ಮ ಆಯಿಯ ನೆನಪಾಗುತ್ತದೆ. ಆಯಿಯೆಂದರೆ ನನ್ನ ಅಪ್ಪನ ತಾಯಿ, ಸಾತವ್ವ. ಆ ಸುಮ್ಮನಾಗುವಿಕೆಯನ್ನು ಅವಳಷ್ಟು ಬೇಗ ಗುರುತು ಹಿಡಿಯುವವರು ನಮ್ಮೂರಿನಲ್ಲಿ ಇನ್ನೊಬ್ಬರಿರಲಿಲ್ಲ.

ಅಪ್ಪ ಗದಿಗೆಪ್ಪ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಮದುವೆಗಳಿಗೆ ಮೊದಲೇ ಹೇಳಿ ಕರೆಸುತ್ತಾರೆ, ಆದರೆ ಹೆಸರಿಡುವುದಕ್ಕೆ ಮುನ್ಸೂಚನೆ ಎಲ್ಲಿಯದು? ಓಣಿಯ ತುದಿಯಿಂದ ‘ಹೇಳ್ತಂತ! ಹೇಳ್ತಂತ!’ ಅಂತ ಕೂಗು ಕೇಳಿದ ಕೂಡಲೇ ಅಪ್ಪ ಉಣ್ಣುತ್ತಿದ್ದ ತಾಟು ಸರಿಸಿ, ಕೈ ತೊಳೆದು, ಕೆಂಪು ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ಓಡುತ್ತಿದ್ದ. ಊರಿನ ಎಷ್ಟು ಕೂಸುಗಳ ಹೆಸರಿನ ಹಿಂದೆ ನನ್ನ ಅಪ್ಪನ ಉಸಿರಿತ್ತೋ! ನನ್ನ ಹೆಸರಿಗೂ ಅವನೇ ಊದಿದ್ದು. ಕೂಸಾಗಿದ್ದಾಗ ನಾನು ಬೆಳೆದದ್ದು ಕೆಳಗಿನ ಓಣಿಯಲ್ಲಿ, ಅವ್ವನ ತವರಿನಲ್ಲಿ. ಅವ್ವನ ತಾಯಿಗೆ ನಾನು ಹೇಳಿದೆನಂತೆ, ಇನ್ನೂ ಸರಿಯಾಗಿ ಹೆಜ್ಜೆ ಹಾಕಲಿಕ್ಕೆ ಬರುವ ಮೊದಲೇ. ಅವಳು ಕಸ್ತೂರಿ ಅಂತ ಹೆಸರಿಟ್ಟಳು. ಅವ್ವ ಅದನ್ನು ಬಹಳ ದಿನ ಜಂಬದಿಂದ ಹೇಳಿಕೊಂಡು ತಿರುಗಿದಳು.

ಆ ಜಂಬಕ್ಕೆ ಪೆಟ್ಟು ಬಿದ್ದದ್ದು ನನ್ನ ತಮ್ಮನಿಂದ. ಅವನು ಹುಟ್ಟುವ ಹೊತ್ತಿಗೆ ತವರಿನ ಅಜ್ಜಿ ತೀರಿಕೊಂಡಿದ್ದಳು. ಅವ್ವ ನೀಲವ್ವ ಮದುವೆ ಮನೆಗಳಿಗೆ ರೊಟ್ಟಿ ಬಡಿಯಲು ಹೋಗುತ್ತಿದ್ದಳು, ಅಪ್ಪನಿಗೆ ಬ್ಯಾಂಡು. ಹೀಗಾಗಿ ತಮ್ಮ ಪೂರ್ತಿ ಆಯಿಯ ಪಾಲಾದ. ಆಯಿ ಹಿತ್ತಲಿನಲ್ಲಿ ಬೇವಿನ ಗಿಡದ ನೆರಳಿಗೆ ಕಾಲು ಚಾಚಿ ಕೂತು, ಎರಡು ಪಾದಗಳ ನಡುವೆ ಅವನನ್ನು ಕೂರಿಸಿಕೊಂಡು, ‘ಸ್ಸ್ಸ್’ ಅನ್ನುತ್ತಿದ್ದಳು. ಅವನ ಎರಡೂ ಕೈ ಅವಳ ಮೊಣಕಾಲು ಹಿಡಿದಿರುತ್ತಿದ್ದವು. ಹಾಗೆ ಕೂತೇ ಅವಳು ಅವನಿಗೆ ಇರುವೆಗಳ ಮನೆಯ ಸುದ್ದಿ ಹೇಳುತ್ತಿದ್ದಳು, ಯಾವ ಇರುವೆಗೆ ಯಾವ ಇರುವೆ ಬೀಗಿತಿ, ಯಾವ ಇರುವೆ ಸೊಸೆಯ ಕೂಡ ಮುನಿಸಿಕೊಂಡಿದೆ ಎಂಬುದೆಲ್ಲ. ಅವನು ಕೆಳಗೆ ನೋಡುತ್ತಾ ಕೇಳುತ್ತಿದ್ದ. ಕೆಲಸ ಮುಗಿದದ್ದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಎಲ್ಲ ಅಜ್ಜಿಯರೂ ಹೀಗೇ ಕೂರಿಸುತ್ತಿದ್ದರು. ಆದರೆ ಉಳಿದವರು ಕ್ರಮೇಣ ಕಾಲು ಹಿಂದೆ ತೆಗೆದುಕೊಳ್ಳುತ್ತಿದ್ದರು. ಕೂಸು ಚಡಪಡಿಸುವುದು ಕಂಡರೂ ಕಾಣದಂತೆ ಇದ್ದು, ಅದೇ ಹೇಳಲಿ ಎಂದು ಕಾಯುತ್ತಿದ್ದರು. ಆಯಿ ಕಾಯಲಿಲ್ಲ. ಅವನ ಹುಬ್ಬು ಒಂದಿಷ್ಟು ಗಂಟಾದರೆ ಸಾಕು, ಗೋಲಿ ಆಡುವ ಹುಡುಗರ ನಡುವಿನಿಂದಲೂ ಅವನನ್ನು ಎತ್ತಿಕೊಂಡು ಹಿತ್ತಲಿಗೆ ನಡೆಯುತ್ತಿದ್ದಳು. ಅವನ ವಾರಿಗೆಯ ಕೂಸುಗಳು ಒಂದೊಂದಾಗಿ ಹೇಳಿದವು. ಅಪ್ಪ ಒಂದೊಂದಕ್ಕೂ ಹೋಗಿ ಊದಿ ಬಂದ. ನಮ್ಮ ಕೂಸಿನ ಚಡ್ಡಿ ಮಾತ್ರ ಓಣಿಯಲ್ಲೇ ಎಲ್ಲರಿಗಿಂತ ಒಣಗಿರುತ್ತಿತ್ತು, ಹೆಸರಿನ ಸುದ್ದಿಯೇ ಇಲ್ಲ. ಅವ್ವ ಅವನಿಗೆಂದು ಹೊಲಿಸಿಟ್ಟ ಹೊಸ ಅಂಗಿಯ ತೋಳನ್ನು ಪ್ರತಿ ವರ್ಷ ಬಿಚ್ಚಿ ಉದ್ದ ಮಾಡಿಸುತ್ತಿದ್ದಳು.

ಮಳೆಗಾಲ ಶುರುವಾದಾಗ ಅವ್ವ ಅವನನ್ನು ಕರೆದುಕೊಂಡು ಸಾಲೆಗೆ ಹೋದಳು. ನಾನೂ ಅದೇ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯಲ್ಲಿದ್ದೆ. ಒಂದನೆಯದಕ್ಕೆ ಕಲಿಸುವ ಸುಮಂಗಲಕ್ಕೋರು ಅವನ ಗಲ್ಲ ಸವರಿ ಕೇಳಿದರು, “ಹೆಸರೇನಪಾ ಸಾಹೇಬ್ರ?”

“ಇನ್ನೂ ಹೇಳಿಲ್ರಿ ಅಕ್ಕೋರ,” ಅಂದಳು ಅವ್ವ.

“ಹೇಳಿಲ್ಲಾ? ಐದು ತುಂಬಿ ಆರಕ್ಕ ಬಿದ್ದೈತಲ್ಲವ್ವಾ ಇದಕ್ಕ! ಹೆಸರಿಲ್ಲದವರ್ನ ನಾ ಹ್ಯಾಂಗ ಕರೀಲಿ? ಹಾಜರಿ ಹ್ಯಾಂಗ ತಗೊಳ್ಳಲಿ?”

“ಕೂಸು ಅಂತ ಬರಕೋರಿ.”

“ಕೂಸು ಅಂತ ಬರಕೊಂಡ್ರ ನಾಳೆ ಇವನ ಲಗ್ನದಾಗೂ ಕೂಸು ಅಂತನ ಉಳೀತೈತಿ. ಹೇಳಿದ ದಿನಾನ ಕರಕೊಂಡು ಬಾ. ನಡುವ ವರ್ಷ ಆದ್ರೂ ಸೇರಿಸ್ಕೊಂತೀನಿ,” ಅಂದರು ಅಕ್ಕೋರು. ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಅವ್ವನಿಗೆ ಹೆಚ್ಚು ನೋವಾಯಿತೇನೋ, ದಾರಿಯುದ್ದಕ್ಕೂ ಸೆರಗು ಕಚ್ಚಿಕೊಂಡೇ ಬಂದಳು.

ಆಮೇಲೆ ತಮ್ಮ ದಿನಾ ನನ್ನ ಹಿಂದೆ ಸಾಲೆಯ ತನಕ ಬಂದು ಕಿಟಕಿಯ ಕೆಳಗೆ ಒಂದು ಕಲ್ಲಿನ ಮೇಲೆ ನಿಲ್ಲುತ್ತಿದ್ದ. ಹಾಜರಿ ಮುಗಿಯುವ ತನಕ ನಿಂತು, ಆಮೇಲೆ ಓಣಿ ತುದಿಯಲ್ಲಿ ಕಾಯುತ್ತಿದ್ದ ಆಯಿಯ ಕೂಡ ಮನೆಗೆ ಹೋಗುತ್ತಿದ್ದ. ಸಂಜೆ ಅಂಗಳದಲ್ಲಿ ತಾನೇ ಅಕ್ಕೋರು, ತಾನೇ ಹುಡುಗರು. ‘ಹೊನ್ನಮ್ಮದೇವಿ ಬಡಿಗೇರ’ ಅಂತ ಕರೆದು ‘ಹಾಜರ್ರೀ’ ಅನ್ನುತ್ತಿದ್ದ. ಒಂದನೆಯ ಇಯತ್ತೆಯ ಅಷ್ಟೂ ಹೆಸರು ಬಾಯಿಪಾಠ. ಎಲ್ಲರದೂ ಮುಗಿದ ಮೇಲೆ ಒಂದು ಕ್ಷಣ ಬಾಯಿ ತೆರೆದು ನಿಂತು, ಏನೂ ಸಿಗದೆ ಮುಚ್ಚುತ್ತಿದ್ದ. ಒಂದು ದಿನ ನನ್ನ ಹತ್ತಿರ ಬಂದು, “ಅಕ್ಕಾ, ನನ್ನ ಕರದ್ರ ಹ್ಯಾಂಗ ಕೇಳಿಸ್ತಿತ್ತು?” ಅಂತ ಕೇಳಿದ. ನನ್ನ ಪಾಲಿನ ಶೇಂಗಾ ಉಂಡಿ ಅವನಿಗೆ ಕೊಟ್ಟೆ.

ಹಾಗಿರುವಾಗ ಮೇಲಿನ ಓಣಿಯಲ್ಲಿ ಆಯಿಯ ದಾಯಾದಿಯೊಬ್ಬರು ತೀರಿಕೊಂಡರು. ಆಯಿ ಮಣ್ಣಿಗೆ ಹೋಗಲೇಬೇಕಾಯಿತು. ಅಂದು ಅವ್ವನಿಗೆ ಕೆಲಸವಿರಲಿಲ್ಲ. ಅವಳಿಗೆ ಇದೇ ಬೇಕಾಗಿತ್ತು. ತಮ್ಮನನ್ನು ಎದುರಿಗೆ ಕೂರಿಸಿಕೊಂಡು ಕತೆ ಹೇಳಿದಳು, ಮಜ್ಜಿಗೆ ಕುಡಿಸಿದಳು, ಮತ್ತೆ ಮಜ್ಜಿಗೆ ಕುಡಿಸಿದಳು. ಮಧ್ಯಾಹ್ನದ ಹೊತ್ತಿಗೆ ಅವನು ಕಾಲಿಗೆ ಕಾಲು ಹೊಸೆಯತೊಡಗಿದ. ಅವ್ವ ಕಾದಳು. ಅವನು ಎದ್ದು ಹಿತ್ತಲ ಬಾಗಿಲಿಗೆ ಹೋದ, ಮುಂಬಾಗಿಲಿಗೆ ಬಂದ, ಆಯಿ ಮಲಗುವ ಮೂಲೆಗೆ ಹೋಗಿ ಅವಳ ಕೌದಿ ಎತ್ತಿ ನೋಡಿದ. ಅಲ್ಲೇ ನಿಂತಲ್ಲೇ ಆಗಿಹೋಯಿತು. ಕೆಳಗೆ ಹರಿದದ್ದನ್ನು ಅವನು ಬೇರೆಯವರದು ಎಂಬಂತೆ ನೋಡಿದ.

ಅವ್ವ ಬಯ್ಯಲಿಲ್ಲ. ಹತ್ತಿರ ಹೋಗಿ ಕುಕ್ಕುರುಗಾಲಲ್ಲಿ ಕೂತು, “ಯಾಕ ಕಂದಾ, ನನಗ ಒಂದು ಮಾತು ಹೇಳಬಾರದಾ?” ಅಂದಳು.

“ಆಯಿ ಇದ್ದಿಲ್ಲ,” ಅಂದ ಅವನು. “ನನಗ ಬಂದೈತಿ ಅಂತ ಯಾರೂ ಹೇಳಲಿಲ್ಲ.”

ಅವ್ವ ಅವನ ಕಾಲು ತೊಳೆದು, ಚಡ್ಡಿ ಬದಲಿಸಿ, ನೆಲ ಸಾರಿಸಿದಳು. ಆಯಿ ಮಣ್ಣು ಮುಗಿಸಿ ಬಂದು ಸ್ನಾನ ಮಾಡಿದಳು. ಆಯಿ ಒದ್ದೆ ಸೀರೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಾಗ ಅವ್ವ ಅವಳ ಬೆನ್ನ ಹಿಂದೆ ಹೋಗಿ ನಿಂತಳು.

“ಅತ್ತೀ, ಅವನ ಹೊಟ್ಟಿ ಅವನ ಹಂತೇಕ ಇಲ್ಲ, ನಿಮ್ಮ ಹಂತೇಕ ಐತಿ. ಅವಗ ಬಂದದ್ದು ಅವಗ ಗೊತ್ತಾಗೂದಿಲ್ಲ. ನೀವು ಗೊತ್ತಾಗಾಕ ಬಿಡೂದಿಲ್ಲ.”

“ಒದ್ದಿ ಚಡ್ಡ್ಯಾಗ ತಿರುಗಲಿ ಅಂತೀ ಏನು?” ಅಂದಳು ಆಯಿ, ತಿರುಗಿ ನೋಡದೆ.

“ತಿರುಗಲಿ. ನಾ ಒಗೀತೀನಿ. ಎಷ್ಟು ಬೇಕಾದ್ರೂ ಒಗೀತೀನಿ. ಅವನ ಜೋಡಿ ಹುಟ್ಟಿದವರೆಲ್ಲಾ ಪಾಟಿ ಹಿಡಕೊಂಡು ಕುಂತಾರ. ಇವ ಕಿಡಕ್ಯಾಗ ನಿಂತು ಮಂದೀ ಹೆಸರು ಕೇಳಿ ಬರ್ತಾನ. ನಿಮಗ ಅವಗ ಹೆಸರಾಗೂದು ಬ್ಯಾಡೇನ್ರಿ ಅತ್ತೀ?”

ಆಯಿ ಸೀರೆಯ ಸುಕ್ಕು ಬಿಡಿಸಿದಳು. ಆಮೇಲೆ ಹಗ್ಗ ಹಿಡಿದುಕೊಂಡೇ, “ಬ್ಯಾಡ,” ಅಂದಳು.

ನಾನು ಬಾಗಿಲಲ್ಲಿದ್ದೆ. ಅವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಆಯಿ ಬಚ್ಚಲ ಕಲ್ಲಿನ ಮೇಲೆ ಕೂತು ಹೇಳಿದಳು, ಜಗಳದ ದನಿಯಲ್ಲಲ್ಲ, ದಣಿದವರ ದನಿಯಲ್ಲಿ. “ನಿನ್ನ ಗಂಡಗಿಂತ ಮೊದಲ ನನಗೊಂದು ಗಂಡು ಕೂಸಿತ್ತು. ನಿನ್ನ ಕಸ್ತೂರಿಗತೆ ಭಾಳ ಶ್ಯಾಣ್ಯಾ. ಮಾತು ನೆಟ್ಟಗ ಬರೂಕಿಂತ ಮೊದಲ ಹೇಳಿತು, ನನಗ ಹೇಳಿತು. ನಾನ ಹೆಸರಿಟ್ಟೆ. ಊರಿಗೆಲ್ಲಾ ಕೇಳೂಹಂಗ ಬಾಜಾ ಬಾರಿಸಿ ಕೂಗಿದ್ರು. ಕೇಳಬಾರದವಗೂ ಕೇಳಿಸಿತು ನೀಲಾ. ಹುಣ್ಣಿವಿ ದಾಟಲಿಲ್ಲ. ಬರೀ ಕೂಸು ಇದ್ದಾಗ ಯಾರ ಕಣ್ಣಿಗೂ ಬಿದ್ದಿದ್ದಿಲ್ಲ ಅದು.”

“ಮತ್ತ ಇವರು?” ಅಂತ ಅವ್ವ ಮೆಲ್ಲಗೆ ಕೇಳಿದಳು. ಅಪ್ಪನ ಬಗ್ಗೆ.

“ಗದಿಗೆಪ್ಪ ಹೇಳಿದ್ದು ಅವನ ಕಾಕಾಗ. ನಾ ಹೊಲದಾಗಿದ್ದೆ. ಬಾಜಾ ಕೇಳಿ ಓಡಿ ಬಂದು, ಹಿತ್ತಲ ಬಾಗಲಾ ಹಾಕ್ಕೊಂಡು ಒಳಗ ಕುಂತಿದ್ದೆ. ಒಂದು ತಿಂಗಳು ಅವನ್ನ ಸೆರಗಿನ ಕೆಳಗಿಂದ ಹೊರಗ ಬಿಡಲಿಲ್ಲ. ಅದೊಂದು ಉಳೀತು. ಇದನ್ನ... ಇದು ಹೇಳದ ಇದ್ರ ಚಲೋ ಅಂತ ಅನಿಸ್ತು ನನಗ.”

ಅವ್ವ ಸಿಟ್ಟಿನವಳು, ಅದು ಇಡೀ ಓಣಿಗೆ ಗೊತ್ತು. ಆದರೆ ಆ ಮಧ್ಯಾಹ್ನ ಅವಳು ಅತ್ತೆಯ ಪಕ್ಕದಲ್ಲಿ ಅದೇ ಬಚ್ಚಲ ಕಲ್ಲಿನ ಮೇಲೆ ಕೂತಳು. “ಅತ್ತೀ, ಹೆಸರಿಲ್ಲದಿದ್ರ ಸಾವು ಹುಡುಕೂದಿಲ್ಲ ಅಂತೀರಿ. ಖರೆ ಇರಬಹುದು. ಆದ್ರ ಸಾಲೀನೂ ಹುಡುಕೂದಿಲ್ಲ, ಗೆಳ್ಯಾರೂ ಹುಡುಕೂದಿಲ್ಲ, ನಾಳೆ ಒಂದು ಹೆಣ್ಣೂ ಹುಡುಕೂದಿಲ್ಲ. ಯಾರಿಗೂ ಬ್ಯಾಡಾದವನಂಗ ಬದುಕಲೇನು ಅವ?” ಅಂದಳು. ಹಗ್ಗದ ಮೇಲಿನ ಸೀರೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಮರುದಿನ ಬೆಳಗ್ಗೆ ನಾನು ಎದ್ದು ಬಂದಾಗ ಆಯಿ ಪಡಸಾಲೆಯಲ್ಲಿ ಚಾಪೆ ಹಾಸಿಕೊಂಡು, ಗೋಡೆಗೆ ಮುಖ ಮಾಡಿ ಕೂತಿದ್ದಳು. ತೊಡೆಯ ಮೇಲೆ ಮೊರ, ಮೊರದಲ್ಲಿ ತೊಗರಿಬೇಳೆ. ಬೆನ್ನು ಅಂಗಳದ ಕಡೆಗೆ. ಅವನ ಮುಖ ನೋಡಿದರೆ ತನಗೆ ಗೊತ್ತಾಗಿಯೇ ಹೋಗುತ್ತದೆ, ಗೊತ್ತಾದರೆ ತಡೆದುಕೊಳ್ಳಲಾಗುವುದಿಲ್ಲ, ಅದಕ್ಕೆ ನೋಡುವುದೇ ಬೇಡವೆಂದು ಅವಳು ಗೋಡೆಯನ್ನು ಆರಿಸಿಕೊಂಡಿದ್ದಳು. ಯಾರೂ ಅವಳಿಗೆ ಹಾಗೆ ಮಾಡೆಂದು ಹೇಳಿರಲಿಲ್ಲ.

ತಮ್ಮನಿಗೆ ಇದು ಆಟವೆನಿಸಿತು. ಗೋಡೆಗೂ ಅವಳಿಗೂ ನಡುವೆ ನುಸುಳಿ ಕೂತ. ಆಯಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವನು ಸೆರಗು ಜಗ್ಗಿದ. ಅವಳು ಬಿಗಿ ಹಿಡಿದಳು.

“ಆಯಿ, ನಾ ಏನ್ ಮಾಡೇನಿ?”

“ಏನೂ ಮಾಡಿಲ್ಲ ನನ ಕಂದಾ.”

“ಮತ್ತ ಮಾರಿ ತೋರ್ಸು.”

“ತೋರ್ಸೂದಿಲ್ಲ. ಹೋಗು, ಆಡ್ಕೋ ಹೋಗು.”

ಅಂದು ಅವನು ಅಂಗಳದಲ್ಲಿ ಎರಡು ಸಲ ಒದ್ದೆ ಮಾಡಿಕೊಂಡ. ಅವ್ವ ಒಗೆದಳು. ಮರುದಿನವೂ ಹಾಗೇ. ಪಕ್ಕದ ಮನೆಯ ದ್ಯಾಮವ್ವ, ಆಯಿಯ ವಾರಿಗೆಯವಳು, ಒಳಗೆ ಬಂದು ನೋಡಿ, “ಇದೇನ ಸಾತವ್ವಾ, ಗ್ವಾಡಿಗೆ ಬೀಗತನಾ ಮಾಡಾಕತ್ತೀ ಏನು?” ಅಂತ ನಗಿಸಲು ನೋಡಿದಳು. ಆಯಿ ನಗಲಿಲ್ಲ. ದ್ಯಾಮವ್ವ ಹಗ್ಗದ ಮೇಲೆ ಸಾಲಾಗಿ ಒಣಗುತ್ತಿದ್ದ ಚಡ್ಡಿಗಳನ್ನು ನೋಡಿ, ಏನೋ ತಿಳಿದವಳಂತೆ ತಲೆಯಾಡಿಸಿ ಸುಮ್ಮನೆ ಹೋದಳು. ಆಯಿ ಗೋಡೆಗೆ ಮುಖ ಮಾಡಿಯೇ ಉಂಡಳು, ಎಲೆ ಅಡಿಕೆ ಹಾಕಿಕೊಂಡಳು. ಬೇಳೆಯಲ್ಲಿ ಕಲ್ಲು ಯಾವತ್ತೋ ಮುಗಿದಿತ್ತು. ಅದನ್ನೇ ಮತ್ತೆ ಮತ್ತೆ ಆರಿಸಿದಳು. ಅಪ್ಪ ಬ್ಯಾಂಡು ಮುಗಿಸಿ ಬಂದವನು ಒಂದು ಸಂಜೆ ಕೋಟು ಕೂಡ ಕಳಚದೆ ಅವಳ ಬೆನ್ನಿಗೆ ಬೆನ್ನು ಹಚ್ಚಿ ಕೂತ. ಕ್ಲಾರಿನೆಟ್ ಬಿಚ್ಚಿ ಒಂದೊಂದೇ ತುಂಡನ್ನು ಅರಿವೆಯಿಂದ ಒರೆಸಿದ. ತನಗಿಂತ ಮೊದಲು ಅಣ್ಣನೊಬ್ಬನಿದ್ದನೆಂದು ಅಪ್ಪನಿಗೆ ಗೊತ್ತಿತ್ತು. ಅವನ ಹೆಸರೇನೆಂದು ಕೇಳಿದಾಗಲೆಲ್ಲ ಆಯಿ ಎದ್ದು ಹೋಗುತ್ತಿದ್ದಳಂತೆ. ಅಜ್ಜನೂ ಅದನ್ನು ಹೇಳದೆಯೇ ಹೋಗಿದ್ದ, ಗೊತ್ತಿದ್ದ ಹಳಬರೂ ಬಾಯಿಬಿಟ್ಟಿರಲಿಲ್ಲ.

ಹೀಗೆ ಎಷ್ಟು ದಿನ ನಡೆಯಿತೋ. ತಮ್ಮ ಆಯಿಯ ಮುಂದೆ ಹೋಗುವುದನ್ನು ಬಿಟ್ಟು, ಅವಳ ಬೆನ್ನ ಹಿಂದೆಯೇ ಆಡತೊಡಗಿದ. ಹಿತ್ತಲಿಗೆ ಅವನನ್ನು ಯಾರೂ ಒಯ್ಯುತ್ತಿರಲಿಲ್ಲ. ಒದ್ದೆಯಾದಾಗ ಈಗ ಅವನು ಕೆಳಗೆ ನೋಡಿ ಮುಖ ಕಿವುಚುತ್ತಿದ್ದ. ಅದನ್ನು ನೋಡಿ ಅವ್ವನ ಕಣ್ಣು ಹೊಳೆದದ್ದು ನನಗೆ ನೆನಪಿದೆ.

ಒಂದು ಸೋಮವಾರ, ಸಾಲೆಗೆ ಸೂಟಿ. ಕಾಳಿನ ಅಂಗಡಿಯ ಕೂಸು ಬೆಳಿಗ್ಗೆಯೇ ಟಪಾಲಿನವನಿಗೆ ಹೇಳಿಬಿಟ್ಟಿತ್ತು. ಅಪ್ಪ ಅಲ್ಲಿಗೆ ಹೋಗಿದ್ದ. ದೂರದಿಂದ ಡ್ರಮ್ಮಿನ ಸದ್ದು ಕೇಳುತ್ತಿತ್ತು. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು, ನಾನು ಹಿಟ್ಟು ಜರಡಿ ಹಿಡಿಯುತ್ತಿದ್ದೆ. ತಮ್ಮ ಅಂಗಳದಲ್ಲಿ ತಗಡಿನ ಡಬ್ಬಿ ಬಾರಿಸುತ್ತಾ ತಾನೂ ಬ್ಯಾಂಡು ಹೊರಡಿಸಿದ್ದ.

ಡಬ್ಬಿಯ ಸದ್ದು ನಿಂತಿತು.

ನಾನು ಅಡಿಗೆಮನೆಯ ಬಾಗಿಲಿನಿಂದ ಇಣುಕಿದೆ. ಅವನು ಕೋಲು ಕೆಳಗೆ ಬಿಟ್ಟು, ಎತ್ತಲೋ ನೋಡುತ್ತಾ ನಿಂತಿದ್ದ. ನನ್ನ ಬಾಯಿಂದ ಮಾತು ಹೊರಡುವುದರಲ್ಲಿತ್ತು. ಅಷ್ಟರಲ್ಲಿ ಅವ್ವ ಹಿಂದಿನಿಂದ ಬಂದು ಹಿಟ್ಟಿನ ಕೈಯಿಂದ ನನ್ನ ಬಾಯಿ ಮುಚ್ಚಿದಳು. ಒಲೆಯ ಮೇಲೆ ರೊಟ್ಟಿ ಸೀಯುವ ವಾಸನೆ ಬಂತು. ಯಾರೂ ತಿರುಗಿ ನೋಡಲಿಲ್ಲ.

ಪಡಸಾಲೆಯಲ್ಲಿ ಮೊರದ ಮೇಲೆ ಓಡಾಡುತ್ತಿದ್ದ ಆಯಿಯ ಬೆರಳುಗಳು ನಿಂತಿದ್ದವು. ಅವಳಿಗೆ ಗೊತ್ತಾಗಿತ್ತು. ನೋಡದೆಯೇ ಗೊತ್ತಾಗಿತ್ತು. ಅವಳ ಹೆಗಲು ಎರಡೂ ಮೇಲಕ್ಕೆ ಸೆಟೆದುಕೊಂಡವು, ಯಾರೋ ಹಿಂದಿನಿಂದ ಜಗ್ಗುತ್ತಿರುವಂತೆ. ಆದರೆ ಅವಳು ತಿರುಗಲಿಲ್ಲ. ತಮ್ಮ ಹಿತ್ತಲ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟ, ನಿಂತ, ವಾಪಸ್ಸು ಬಂದ. ಮೆಟ್ಟಿಲು ಹತ್ತಿ ಆಯಿಯ ಹಿಂದೆ ಬಂದು ನಿಂತು ಅವಳ ಹೆಗಲ ಮೇಲೆ ಕೈ ಇಟ್ಟ.

“ಆಯಿ.”

ಅವಳು ಅಲುಗಲಿಲ್ಲ.

“ಆಯಿ, ನಿನಗ ಗೊತ್ತಾಗಲಿಲ್ಲೇನು? ನನಗ ಕಕ್ಕ ಬಂದೈತಿ.”

ನನ್ನ ಬಾಯಿಯ ಮೇಲಿದ್ದ ಅವ್ವನ ಕೈ ಜಾರಿತು. ಆಯಿ ನಿಧಾನವಾಗಿ ತಿರುಗಿದಳು. ಅಷ್ಟು ದಿನಗಳ ಮೇಲೆ ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದಳು. “ಗೊತ್ತಾಗಲಿಲ್ಲ ನೋಡು ನನ ದೊರೀ,” ಅಂದಳು. “ನೀ ಹೇಳಿದ್ದು ಚಲೋ ಆತು. ನೀ ಹೇಳದಿದ್ರ ನನಗ ಹ್ಯಾಂಗ ಗೊತ್ತಾಗಬೇಕು?”

ಅವನು ಅದಕ್ಕೆ ಕಾಯಲಿಲ್ಲ. ಚಡ್ಡಿ ಕೈಯಲ್ಲಿ ಹಿಡಿದು ತಾನೇ ಹಿತ್ತಲಿಗೆ ಓಡಿದ.

ನಾನು ಬೀದಿಗೆ ಓಡಿದೆ. ‘ಹೇಳಿದ! ನಮ್ಮ ಕೂಸು ಹೇಳಿದ!’ ಅಂತ ಕೂಗುತ್ತಾ ಕಾಳಿನ ಅಂಗಡಿಯ ಮುಂದೆ ಬಂದಾಗ ಅಪ್ಪ ಕಣ್ಣು ಮುಚ್ಚಿ ಊದುತ್ತಿದ್ದ. ನನ್ನ ಮಾತು ಅವನ ಕಿವಿಗೆ ಬಿತ್ತು. ಕ್ಲಾರಿನೆಟ್ಟು ನಡುವೆಯೇ ಕೀಚಲಿಟ್ಟು ನಿಂತುಬಿಟ್ಟಿತು. ಅಂಗಡಿಯ ಯಜಮಾನ ತನ್ನ ಕೂಸನ್ನು ಹೆಗಲ ಮೇಲೆ ಹೊತ್ತುಕೊಂಡೇ, “ಹೋಗೋ ಗದಿಗೆಪ್ಪಾ, ಹೋಗು! ನಮ್ಮ ಕೂಸಿನ ಹೆಸರು ಆಗೇತಿ, ಅದೆಲ್ಲೂ ಓಡಿ ಹೋಗೂದಿಲ್ಲ. ಏ, ಎಲ್ಲಾರೂ ನಡೀರಿ!” ಅಂದ. ಬ್ಯಾಂಡಿನವರು, ಟಪಾಲಿನವನು, ಆಗಷ್ಟೇ ಹೆಸರು ಪಡೆದ ಕೂಸು, ಅದರ ಬೀಗರು ಬಿಜ್ಜರು ಎಲ್ಲ ನಮ್ಮ ಓಣಿಗೆ ತಿರುಗಿದರು. ಸುಮಂಗಲಕ್ಕೋರೂ ತಮ್ಮ ಮನೆಯಿಂದ ಇಳಿದು ಬಂದರು.

ಅಂಗಳ ತುಂಬಿಹೋಯಿತು. ತಮ್ಮನಿಗೆ ಆ ಹೊಸ ಅಂಗಿ ತೊಡಿಸಿದರು. ಎಷ್ಟು ಸಲ ಉದ್ದ ಮಾಡಿದರೂ ತೋಳು ಮೊಣಕೈ ದಾಟಲಿಲ್ಲ. ಮಾದಲಿ ಮಾಡಿದರು, ಊರಿನವರೆಲ್ಲ ತಿಂದರು. ಹೆಸರಿಡುವ ಹೊತ್ತು ಬಂತು. ಆಯಿ ಮಣೆಯ ಮೇಲೆ ಕೂತು ಅವನನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಗೆ ಬಾಗಿದಳು. ಬಾಗಿಯೇ ಇದ್ದಳು. ತುಟಿ ತೆರೆಯಲಿಲ್ಲ. ಜನ ಕಾದರು. ಬಿಸಿಲು ಅಂಗಳದಿಂದ ಗೋಡೆಗೆ, ಗೋಡೆಯಿಂದ ಮಾಳಿಗೆಗೆ ಏರಿತು.

“ತಿಪ್ಪ ಅಂತ ಇಡವ್ವಾ, ದೃಷ್ಟಿ ಆಗೂದಿಲ್ಲ,” ಅಂದ ಒಬ್ಬ. “ಗುಂಡ ಅನ್ನು, ಕಲ್ಲಿನಂಗ ಇರ್ತಾನ,” ಅಂದಳು ಇನ್ನೊಬ್ಬಳು. ಅಂಥ ಹೆಸರು ಇಡುವವರಿದ್ದರು, ಮಕ್ಕಳು ಉಳಿಯಲಿ ಅಂತ. ಅವ್ವ ಆಯಿಯ ಮುಖವನ್ನೇ ನೋಡುತ್ತಾ ನಿಂತಿದ್ದಳು. ಏನಾದರೂ ಇಡಲಿ, ತಿಪ್ಪನೋ ಗುಂಡನೋ, ಇಟ್ಟರೆ ಸಾಕು ಅಂತ ಅವಳ ಕಣ್ಣು ಬೇಡುತ್ತಿತ್ತು. ಮಾಳಿಗೆಯ ಅಂಚಿನಲ್ಲಿ ಬಿಸಿಲು ಒಂದು ಗೇಣಷ್ಟೇ ಉಳಿದಿತ್ತು.

ದ್ಯಾಮವ್ವ ಮುಂದೆ ಬಂದು ಆಯಿಯ ಬೆನ್ನು ಮುಟ್ಟಿದಳು. “ಸಾತವ್ವಾ. ಹೊತ್ತು ಹೊಂಟೈತಿ.”

ಆಯಿಯ ತುಟಿ ಅಲುಗಿದ್ದು ಕಂಡಿತು.

“ಕೇಳಿಸಲಿಲ್ಲ ಆಯಿ,” ಅಂದ ತಮ್ಮ ಜೋರಾಗಿ. ಹೆಸರಿಡಿಸಿಕೊಳ್ಳುವ ಕೂಸುಗಳು ಹೀಗೆ ತಿರುಗಿ ಮಾತಾಡುವಷ್ಟು ದೊಡ್ಡವಾಗಿರುವುದು ಅಪರೂಪ; ಜನ ಗೊಳ್ಳೆಂದು ನಕ್ಕರು. ಆಯಿ ಮತ್ತೆ ಬಾಗಿದಳು. “ಬರೇ ಗಾಳಿ ಬರಾಕತ್ತೈತಿ ಕಿವ್ಯಾಗ,” ಅಂದ ಅವನು. “ಜೋರಲೆ ಹೇಳು. ಅಕ್ಕೋರಿಗೂ ಕೇಳಬೇಕಲ್ಲ.”

ಆಯಿ ತಲೆ ಎತ್ತಿದಳು. ಜನರನ್ನು ನೋಡಿದಳು, ಮಾಳಿಗೆಯ ಅಂಚನ್ನು ನೋಡಿದಳು. ಆಮೇಲೆ ಅವಳ ಬಾಯಿಂದ ಬಂದ ದನಿ ನಮಗೆ ಗೊತ್ತಿದ್ದ ಆಯಿಯದಲ್ಲ, ಅದಕ್ಕೆ ವಯಸ್ಸೇ ಆಗಿರಲಿಲ್ಲ.

“ರೇವಣಾ.”

ದ್ಯಾಮವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕೂತುಬಿಟ್ಟಳು. ಅಪ್ಪ ಅವಳ ಮುಖ ನೋಡಿದ, ತಾಯಿಯ ಮುಖ ನೋಡಿದ. ಅಷ್ಟು ವರ್ಷ ಕೇಳಿದ್ದು ಅವನಿಗೆ ಈಗ ತಿಳಿಯಿತು. ಕ್ಲಾರಿನೆಟ್ಟನ್ನು ತುಟಿಗೆ ಇಟ್ಟುಕೊಂಡರೂ ಉಸಿರು ಹೊರಡಲಿಲ್ಲ. ಡ್ರಮ್ಮಿನವನು ಒಬ್ಬನೇ ಶುರು ಮಾಡಿದ. ಅಪ್ಪ ಬಹಳ ಹೊತ್ತಿನ ಮೇಲೆ ಕೂಡಿಕೊಂಡ. ಅವ್ವ ಅತ್ತೆಯ ಪಾದದ ಮೇಲೆ ಹಣೆ ಇಟ್ಟಳು. ತಮ್ಮ ಮಾತ್ರ ತೊಡೆಯಿಂದ ಜಿಗಿದು ಸುಮಂಗಲಕ್ಕೋರ ಮುಂದೆ ಹೋಗಿ ನಿಂತು, ಎದೆ ಉಬ್ಬಿಸಿ, “ಹಾಜರ್ರೀ!” ಅಂದ.

ಮರುದಿನದಿಂದ ರೇವಣ ಸಾಲೆಗೆ ಹೋದ. ಊರೆಲ್ಲ ಅವನನ್ನು ಕರೆಯಿತು. ಇಷ್ಟು ದಿನದ ಬಾಕಿ ತೀರಿಸುವಂತೆ ಹೋದಲ್ಲಿ ಬಂದಲ್ಲಿ ‘ರೇವಣಾ, ರೇವಣಾ’. ಆಯಿ ಮಾತ್ರ ಕರೆಯಲಿಲ್ಲ. ಹೆಸರಿಟ್ಟ ಬಾಯಿ ಮತ್ತೆ ಆ ಹೆಸರು ತೆಗೆಯಲಿಲ್ಲ. ಕೂಸು ಉಂಡಿತೇನು, ಕೂಸು ಬಂತೇನು ಅಂತಲೇ ಕೇಳುತ್ತಿದ್ದಳು. ಅವನು ಸಾಲೆಯಿಂದ ಬರುವ ತನಕ ಹೊಸ್ತಿಲಲ್ಲಿ ಕೂತಿರುತ್ತಿದ್ದಳು. ಬಂದ ಕೂಡಲೇ ಹಣೆ ಮುಟ್ಟಿ ನೋಡುತ್ತಿದ್ದಳು, ಬಿಸಿಯಿದೆಯೇ ಅಂತ. ಹುಣ್ಣಿಮೆ ಬಂತು. ಅಂದು ಅವಳು ಉಪವಾಸವಿದ್ದಳು. ಹುಣ್ಣಿಮೆ ಹೋಯಿತು.

ಅದರ ಮರುದಿನವೋ, ಅದರ ಮರುದಿನವೋ, ಸಾಲೆ ಬಿಟ್ಟು ಬಹಳ ಹೊತ್ತಾದರೂ ಅವನು ಮನೆಗೆ ಬರಲಿಲ್ಲ. ಆಯಿ ಹೊಸ್ತಿಲಿನಿಂದ ಎದ್ದು ಬೀದಿಗೆ ಇಳಿದಳು. ಕೈ ಅಡ್ಡ ಹಿಡಿದು ಮೇಲೆ ಕೆಳಗೆ ನೋಡಿದಳು. “ಕೂಸೇ! ಏ ಕೂಸೇ!” ಅಂತ ಕೂಗಿದಳು.

ಓಣಿಯ ಬಾಗಿಲು ಬಾಗಿಲಿನಿಂದ ಕೂಸುಗಳು ಹೊರಗೆ ಬಂದವು. ಮೂಲೆಮನೆಯದು ತೆವಳಿಕೊಂಡು ಬಂತು, ಕುಂಬಾರರದು ರೊಟ್ಟಿ ಕಚ್ಚಿಕೊಂಡು ಬಂತು, ಇನ್ನೊಂದು ಚಡ್ಡಿಯೇ ಇಲ್ಲದೆ ಬಂದು ಏನು ಅಂತ ಅವಳ ಮುಖ ನೋಡುತ್ತಾ ನಿಂತಿತು. ಆಯಿ ಮತ್ತೆ ಕೂಗಿದಳು. ಇನ್ನೆರಡು ಬಂದವು. ನಮ್ಮವನು ಬರಲಿಲ್ಲ. ಅವನು ಈಗ ಆ ಕರೆಗೆ ಓಗೊಡುವವನಾಗಿರಲಿಲ್ಲ.

ಆಯಿ ಆ ಕೂಸುಗಳ ನಡುವೆ ನಿಂತು ಸೆರಗು ಸರಿ ಮಾಡಿಕೊಂಡಳು. ಗಂಟಲು ಸರಿ ಮಾಡಿಕೊಂಡಳು.

“ರೇವಣಾ!”

“ಓ!” ಅಂತ ಎಲ್ಲಿಂದಲೋ ಬಂತು ಉತ್ತರ. ಬಡಿಗೇರರ ಅಂಗಳದ ಮರದ ರಾಶಿಯ ಹಿಂದಿನಿಂದ, ಮೈಯೆಲ್ಲ ಹೊಟ್ಟು ಮೆತ್ತಿಕೊಂಡು ಅವನು ಓಡಿ ಬಂದ. “ಯಾಕ ಆಯಿ?”

“ಏನಿಲ್ಲ. ಸುಮ್ನ ಕರದೆ.”

ಅವನು ತಿರುಗಿ ಓಡಿದ. ಓಣಿಯ ಅರ್ಧಕ್ಕೆ ಹೋಗಿರಲಿಲ್ಲ, ಆಯಿ ಮತ್ತೆ ಕರೆದಳು. ಅವನು ಮತ್ತೆ ಬಂದ. “ಏನ ಆಯಿ?” “ಏನಿಲ್ಲೋ, ಸುಮ್ನ.” ಒಳಗಿನಿಂದ ಅವ್ವ, “ಅತ್ತೀ, ಹುಡುಗನ್ನ ಆಡಾಕರ ಬಿಡ್ರಿ,” ಅಂತ ನಗುತ್ತಾ ಕೂಗಿದಳು. ಆಯಿಗೆ ಕೇಳಿಸಿತೋ ಇಲ್ಲವೋ. ಅವಳು ಬೀದಿಯ ನಡುವೆ ನಿಂತು, ಊರಿಗೆಲ್ಲ ಕೇಳುವಂತೆ, ಇನ್ನೊಮ್ಮೆ ಕರೆದಳು.